ನಾಲ್ಕು ಮುಚ್ಚಳ ಉಸಿರು

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಇಡೀ ಆಸ್ಪತ್ರೆಗೆ ಅವಳು ಊದಕ್ಕ. ಮೂರನೇ ಮಹಡಿಯ ಎದೆರೋಗದ ವಿಭಾಗದಲ್ಲಿ ಉಸಿರು ಅಳೆಯುವ ಕೋಣೆ ಅವಳದು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ಮಧ್ಯಾಹ್ನ ಎರಡರವರೆಗೆ ಅವಳ ಗಂಟಲು ಬಿಡುವಿಲ್ಲದೆ ಕೇಳುತ್ತಿತ್ತು: "ಊದಿ, ಊದಿ, ಊದಿ, ಇನ್ನೂ ಇನ್ನೂ ಇನ್ನೂ, ಇದೆ ಇದೆ, ಒಳಗೆ ಇನ್ನೂ ಇದೆ, ಬಿಡಬೇಡಿ." ಬಾಗಿಲು ಹಾಕಿದ್ದರೂ ಕೇಳುತ್ತಿತ್ತು. ಹೊಸದಾಗಿ ಬಂದವರು, ಇದೇನು ಹೆರಿಗೆ ವಾರ್ಡಿಗೆ ಬಂದುಬಿಟ್ಟೆವಾ ಎಂದು ತಲೆಯೆತ್ತಿ ಬೋರ್ಡು ನೋಡುತ್ತಿದ್ದರು.

ಅದೇ ಮಹಡಿಯ ಕಾರಿಡಾರಿನಲ್ಲಿ ನನ್ನ ಕೆಲಸ. ರೋಗಿಗಳನ್ನು ಆರು ನಿಮಿಷ ನಡೆಸಿ, ಎಷ್ಟು ಮೀಟರ್ ನಡೆದರು, ರಕ್ತದಲ್ಲಿ ಆಮ್ಲಜನಕ ಎಷ್ಟಕ್ಕೆ ಇಳಿಯಿತು ಎಂದು ಬರೆದುಕೊಳ್ಳುವುದು. ಈ ತುದಿಗೊಂದು ಆ ತುದಿಗೊಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನು, ನಡುವೆ ಮೂವತ್ತು ಮೀಟರ್ ನೆಲ, ಅಷ್ಟೇ ನನ್ನ ಸಾಮ್ರಾಜ್ಯ. ಅದಕ್ಕೂ ಮೊದಲು ನಾನು ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಶಾಲೆ ಮುಚ್ಚಿತು, ಮಕ್ಕಳನ್ನು ಓಡಿಸುತ್ತಿದ್ದವನು ರೋಗಿಗಳನ್ನು ನಡೆಸಲು ಬಂದೆ. ಹಾಗಾಗಿ ಇಲ್ಲೂ ಎಲ್ಲರ ಬಾಯಲ್ಲಿ ಮೇಷ್ಟ್ರಾಗಿಯೇ ಉಳಿದೆ. ಹದಿನೇಳು ವರ್ಷ ಊದಕ್ಕನ ಬಾಗಿಲ ಮುಂದೆ ಕೆಲಸ ಮಾಡಿದ್ದೇನೆ. ಅವಳ ಬಗ್ಗೆ ಬರೆಯುವ ಯೋಗ್ಯತೆ ನಿನಗಿದೆಯೇ ಎಂದು ಕೇಳಿದರೆ, ಇಲ್ಲ. ಆದರೆ ಬೇರೆ ಯಾರಿಗೂ ಪೂರ್ತಿ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವಳು ಆಸ್ಪತ್ರೆಗೆ ಬಂದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಹಾಸಿಗೆಯ ಬಟ್ಟೆ ಬದಲಿಸುವ ಕೆಲಸಕ್ಕೆ. ತಾಯಿ ಅದೇ ವರ್ಷ ತೀರಿಕೊಂಡಿದ್ದರು. ಅಪ್ಪ ಎಂಬಾತ ಅದಕ್ಕೂ ಮುಂಚೆಯೇ ಮನೆ ಬಿಟ್ಟು ಕೈತೊಳೆದುಕೊಂಡಿದ್ದ. ಹತ್ತು ವರ್ಷದ ತಮ್ಮ ಅವಳ ಪಾಲಿಗೆ ಉಳಿದ. ಅವನಿಗೆ ಊಟ ಹಾಕಿ, ಜಡ್ಡು ಬಂದಾಗ ಹೊತ್ತು ತಿರುಗಿ, ಸುಳ್ಳು ಹೇಳಿದಾಗ ಕಿವಿ ಹಿಂಡಿ, ತಾನು ಮದುವೆಯ ಗೊಡವೆಗೇ ಹೋಗದೆ ಬೆಳೆಸಿದಳು. ಒಂದು ದಿನ ಉಸಿರು ಅಳೆಯುವ ಕೋಣೆಯವನು ರಜೆ ಹಾಕಿದ. ಊದುವ ರೋಗಿಗಳ ಮೂಗಿಗೆ ಕ್ಲಿಪ್ಪು ಹಾಕಲು ಒಬ್ಬರು ಬೇಕಾಗಿತ್ತು, ಇವಳನ್ನು ಕರೆದರು. ಅವತ್ತು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ ಎನ್ನಬೇಕು. ಮುಂದೆ ಪರೀಕ್ಷೆ ಕಟ್ಟಿ, ಸರ್ಟಿಫಿಕೇಟು ಗಿಟ್ಟಿಸಿ, ಆ ಯಂತ್ರದ ಯಜಮಾನಿಯೇ ಆದಳು.

ಕೆಲಸ ನೋಡಲು ಸುಲಭ. ರೋಗಿ ಎದೆ ತುಂಬ ಗಾಳಿ ಎಳೆದುಕೊಳ್ಳಬೇಕು, ಕೊಳವೆಗೆ ಬಾಯಿಟ್ಟು ಇದ್ದಬದ್ದ ಗಾಳಿಯನ್ನೆಲ್ಲ ಹೊರಗೆ ಊದಬೇಕು. ಎಷ್ಟು ಊದಿದ ಎಂಬುದು ಪರದೆಯ ಮೇಲೆ ಗೆರೆಯಾಗಿ, ಅಂಕಿಯಾಗಿ ಬರುತ್ತದೆ. ಹೆಚ್ಚೆಂದರೆ ಎಂಟು ಸಲ ಊದಿಸಬಹುದು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದನ್ನು ಬರೆದುಕೊಳ್ಳಬೇಕು. ತೊಂದರೆ ಎಲ್ಲಿ ಎಂದರೆ, ಇನ್ನು ಏನೂ ಉಳಿದಿಲ್ಲ ಎಂದು ರೋಗಿಗೆ ಅನ್ನಿಸಿದ ಮೇಲೂ ಎದೆಯಲ್ಲಿ ಒಂದು ಲೋಟ ಗಾಳಿ ಉಳಿದಿರುತ್ತದೆ. ಆ ಒಂದು ಲೋಟವನ್ನು ಹೊರಗೆ ತರುವುದರಲ್ಲಿ ಊದಕ್ಕನದು ಎತ್ತಿದ ಕೈ. ಅಂಗಲಾಚುತ್ತಿದ್ದಳು, ಗದರುತ್ತಿದ್ದಳು, ರೇಗಿಸುತ್ತಿದ್ದಳು. ಒಬ್ಬ ಹೆಡ್‌ಮಾಸ್ತರಿಗೆ, ಮನೆಯವರ ಮೇಲೆ ಕೂಗಾಡುವಾಗಲೂ ಇಷ್ಟೇ ಉಸಿರಾ ಸಾರ್ ಎಂದು ಕೇಳಿ, ಅವರು ಸಿಟ್ಟಿನಲ್ಲಿ ಊದಿದ ಗಾಳಿಯನ್ನು ಬರೆದುಕೊಂಡು, ಥ್ಯಾಂಕ್ಸ್ ಎಂದಿದ್ದಳು.

ಇನ್ನೊಂದು ವಿದ್ಯೆಯೂ ಅವಳಿಗೆ ಒಲಿದಿತ್ತು. ಕಾಯಿಲೆ ಇದ್ದದ್ದಕ್ಕಿಂತ ಹೆಚ್ಚು ತೋರಿಸಿ ಪರಿಹಾರ ಪಡೆಯಲು ಬರುವವರು ಬೇಕೆಂದೇ ಕಡಿಮೆ ಊದುತ್ತಾರೆ. ಅಂಥವರನ್ನು ಗೆರೆ ನೋಡಿಯೇ ಹಿಡಿಯುತ್ತಿದ್ದಳು. ಕಾಯಿಲೆಯ ಗೆರೆ ನುಣ್ಣಗೆ ಇಳಿಯುತ್ತದೆ, ಕಳ್ಳ ಗೆರೆ ಹಲ್ಲುಹಲ್ಲಾಗಿ ಬರುತ್ತದೆ ಎನ್ನುತ್ತಿದ್ದಳು. ಅವಳ ಕೈಕೆಳಗೆ ಸುಳ್ಳು ಊದಿ ಗೆದ್ದವರನ್ನು ನಾನು ನೋಡಿಲ್ಲ.

ತಮ್ಮ ಕಲ್ಲು ಕೊಯ್ಯುವ ಕೆಲಸಕ್ಕೆ ಸೇರಿದ. ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲು. ಈಗಿನವರಿಗೆ ಬೆಟ್ಟದ ಕಲ್ಲು ಬೇಡ. ಕಲ್ಲಿನ ಪುಡಿಗೆ ಅಂಟು ಕಲಸಿ ಕಾರ್ಖಾನೆಯಲ್ಲಿ ಒತ್ತಿದ, ಮುಖ ಕಾಣುವಷ್ಟು ಹೊಳೆಯುವ ಹಲಗೆ ಬೇಕು. ಅದನ್ನು ಗೋಡೆಯ ಅಳತೆಗೆ ಕತ್ತರಿಸಬೇಕು, ಸಿಂಕು ಕೂರಲು ಚೌಕವಾಗಿ ತೂತು ಕೊರೆಯಬೇಕು. ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ಏಳುವುದಿಲ್ಲ. ಆದರೆ ಹೊಸದಾಗಿ ಬಣ್ಣ ಹೊಡೆದ ಗೋಡೆಗೆ ಕೆಸರು ಹಾರುತ್ತದೆ, ಮನೆಯವರು ಒಪ್ಪುವುದಿಲ್ಲ. ನಾನೂ ಒಪ್ಪಿರಲಿಲ್ಲ. ನನ್ನ ಮನೆಯ ಕಟ್ಟೆ ಕೊಯ್ದವನು ಅವನೇ. ಬಾಯಿಗೊಂದು ಕರ್ಚೀಫು ಕಟ್ಟಿಕೊಂಡು ಎರಡು ದಿನ ಒಣಗಲ್ಲನ್ನೇ ಕೊಯ್ದ. ಕೆಲಸ ಮುಗಿಸಿ ಎದ್ದಾಗ ಹುಬ್ಬು, ರೆಪ್ಪೆ, ಮೀಸೆಯೆಲ್ಲ ಬೆಳ್ಳಗಾಗಿತ್ತು. ಒಂದೇ ದಿನಕ್ಕೆ ಮುದುಕನಾದೆಯಲ್ಲಪ್ಪಾ ಎಂದು ನನ್ನ ಹೆಂಡತಿ ನಕ್ಕಿದ್ದಳು. ಅವನೂ ನಕ್ಕಿದ್ದ. ಆ ಕಟ್ಟೆ ಈಗಲೂ ನನ್ನ ಮನೆಯಲ್ಲಿ ಹಾಗೇ ಹೊಳೆಯುತ್ತಿದೆ.

ಮೂವತ್ತೆಂಟನೇ ವಯಸ್ಸಿಗೆ ಅವನಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಕಲ್ಲಿನ ಧೂಳು ಒಳಗೆ ಕೂತು ಶ್ವಾಸಕೋಶ ಗಟ್ಟಿಯಾಗುತ್ತಿದೆ ಎಂದು ಸ್ಕ್ಯಾನಿನಲ್ಲಿ ಕಂಡಿತು. ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವ ಕಾಯಿಲೆಯಲ್ಲ ಅದು. ಊದಕ್ಕ ಅಂಥ ನೂರಾರು ಎದೆಗಳ ಗಾಳಿ ಅಳೆದವಳು, ಅವಳಿಗೆ ಯಾರೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಆ ವಾರವಿಡೀ ಅವಳು ಕೋಣೆಯಲ್ಲಿ ಎಂದಿನಂತೆ ಕೂಗಿದಳು. ಚಹಾ ಮಾತ್ರ ಕುಡಿಯಲಿಲ್ಲ.

ಅದೇ ವರ್ಷ ನಮ್ಮ ವಿಭಾಗಕ್ಕೆ ಒಂದು ಸಂಶೋಧನೆ ಬಂತು. ಕಲ್ಲಿನ ಧೂಳಿನಿಂದ ಗಟ್ಟಿಯಾಗುವ ಶ್ವಾಸಕೋಶಕ್ಕೆ ಹೊಸ ಗುಳಿಗೆ. ಗುಣ ಮಾಡುವುದಿಲ್ಲ, ಗಟ್ಟಿಯಾಗುವುದನ್ನು ನಿಧಾನ ಮಾಡಬಹುದು ಎಂಬ ಆಸೆ. ಯಾವ ಅಂಗಡಿಯಲ್ಲೂ ಸಿಗದ ಔಷಧಿ. ಸೇರಿಕೊಂಡವರಲ್ಲಿ ಅರ್ಧ ಜನಕ್ಕೆ ಅಸಲಿ ಗುಳಿಗೆ, ಇನ್ನರ್ಧ ಜನಕ್ಕೆ ಬಣ್ಣ, ಆಕಾರ, ರುಚಿ ಎಲ್ಲ ಹಾಗೇ ಇರುವ ಬರೀ ಹಿಟ್ಟಿನ ಗುಳಿಗೆ. ಯಾರ ಬಾಟಲಿಯಲ್ಲಿ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಇದು ಮೋಸವಲ್ಲ, ಹೀಗೆ ಮಾಡದೆ ಔಷಧಿಯ ನಿಜ ಗೊತ್ತಾಗುವುದಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ಒಂದು ವರ್ಷ, ಆರು ವಾರಕ್ಕೊಮ್ಮೆ ಬಂದು ಊದಬೇಕು, ನನ್ನ ಕಾರಿಡಾರಿನಲ್ಲಿ ನಡೆಯಬೇಕು. ಆದರೆ ತೀರ್ಪು ಕೊಡುವುದು ಊದಿದ ಅಂಕಿ. ನಡಿಗೆ ಸುಮ್ಮನೆ ಜೊತೆಗಿರಲಿ ಎಂದು. ಅಷ್ಟು ದೊಡ್ಡ ಸಂಶೋಧನೆಗೆ ನಮ್ಮ ಆಸ್ಪತ್ರೆಯನ್ನು ಆರಿಸಿದ್ದೇ ಊದಕ್ಕನ ಅಂಕಿಗಳು ಚೊಕ್ಕವಾಗಿರುತ್ತವೆ ಎಂದು. ಬೆನ್ನು ತಟ್ಟಿಸಿಕೊಂಡವರು ವಿಭಾಗದ ಮುಖ್ಯಸ್ಥರು, ನಾವು ದೊಡ್ಡ ಡಾಕ್ಟರು ಎನ್ನುತ್ತಿದ್ದವರು.

ತಮ್ಮನನ್ನು ಅದಕ್ಕೆ ಸೇರಿಸಲೇಬೇಕು ಎಂದು ಊದಕ್ಕ ಪಟ್ಟು ಹಿಡಿದಳು. ಸಂಶೋಧನೆಯಲ್ಲಿ ಕೆಲಸ ಮಾಡುವವರ ರಕ್ತಸಂಬಂಧಿಗಳನ್ನು ಸೇರಿಸುವಂತಿಲ್ಲ ಎಂದು ನಿಯಮವಿತ್ತು. ಅರ್ಜಿಯಲ್ಲಿ ಆ ಪ್ರಶ್ನೆಯ ಮುಂದೆ ತಮ್ಮನಿಂದ 'ಇಲ್ಲ' ಎಂದು ಗುರುತು ಹಾಕಿಸಿದಳು. ನನ್ನ ಹತ್ತಿರ ಬಂದು, ಮೇಷ್ಟ್ರೇ, ನೀವು ನೋಡಿಯೂ ನೋಡದ ಹಾಗಿರಿ ಎಂದಳು. ಅಲ್ಲಿ ಅವನ ಗುರುತಿದ್ದವನು ನಾನೊಬ್ಬನೇ, ಉಳಿದವರ ಮುಂದೆ ಅವರಿಬ್ಬರು ಅಪರಿಚಿತರು. ಕಾರಿಡಾರಿನಲ್ಲಿ ಅವನು ಅವಳಿಗೆ ನಮಸ್ಕಾರ ಮೇಡಂ ಎನ್ನುವಾಗ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಸಹಿ ಹಾಕುವ ಮೊದಲು ಅವನು ಒಪ್ಪಿಗೆಯ ಕಾಗದವನ್ನು ನನ್ನ ಕೈಗೆ ಕೊಟ್ಟ. ಇಪ್ಪತ್ತೆರಡು ಪುಟ. ಅಷ್ಟು ಓದುವ ತಾಳ್ಮೆ ಅವನಿಗಿರಲಿಲ್ಲ. ಅಕ್ಕ ಓದುವಂತಿರಲಿಲ್ಲ, ರೋಗಿಯ ಕಾಗದ ಉಸಿರು ಅಳೆಯುವವರ ಕೈಗೆ ಹೋಗಬಾರದೆಂದು ಮೇಲೆಯೇ ಅಚ್ಚು ಹಾಕಿದ್ದರು. ನಾನು ಓದಿ ಹೇಳಿದೆ. ಹನ್ನೊಂದನೇ ಪುಟದಲ್ಲಿ ಒಂದು ಮಾತಿತ್ತು: ಮೊದಲ ದಿನ ಊದಿದ್ದಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ, ಆ ರೋಗಿಯ ಬಾಟಲಿ ಯಾವುದೇ ಇರಲಿ, ಅವತ್ತಿನಿಂದಲೇ ಅವನಿಗೆ ಅಸಲಿ ಗುಳಿಗೆ ಕೊಡಲಾಗುವುದು. ಅದರ ಕೆಳಗೇ ಇನ್ನೊಂದು ಸಾಲು: ಈ ಗಡಿಯನ್ನು ಉಸಿರು ಅಳೆಯುವವರಿಗೆ ತಿಳಿಸತಕ್ಕದ್ದಲ್ಲ. ಕನಿಕರದಿಂದ ಅವರ ದನಿ ತಗ್ಗಬಾರದು, ಅಂಕಿ ಕೆಡಬಾರದು ಎಂದು. ಓದಿದಾಗ ಎರಡೂ ಸರಿಯಾದ ನಿಯಮ ಎಂದೇ ಅನ್ನಿಸಿತ್ತು. ಈಗಲೂ ತಪ್ಪು ಎನ್ನಲಾರೆ.

ಮೊದಲ ದಿನದ ಅಳತೆಗೆ ಸಂಶೋಧನೆಯ ಕಡೆಯಿಂದ ತಪಾಸಣೆಯವರು ಬಂದು ಕೂರುತ್ತಿದ್ದರು. ನಮ್ಮಿಬ್ಬರ ಮುಖ ಅವರು ಒಟ್ಟಿಗೆ ನೋಡಿದರೆ ಸಿಕ್ಕಿಬೀಳುತ್ತೇವೆ, ಇಬ್ಬರದೂ ಒಂದೇ ಮೂಗು ಎಂದು ಊದಕ್ಕ ಹಲ್ಲುನೋವಿನ ನೆಪ ಹೇಳಿ ರಜೆ ಹಾಕಿದಳು. ಬದಲಿಗೆ ಕೆಳಗಿನ ಮಹಡಿಯಿಂದ ಬಂದ ಹುಡುಗಿ ಸೊಳ್ಳೆಯ ದನಿಯಲ್ಲಿ, ಊದಿ ಸಾರ್, ಆಯ್ತಾ ಸಾರ್ ಎಂದಳು. ತಮ್ಮ ಆಯ್ತು ಎಂದ. ಎರಡು ಸಾವಿರ ಎಂ.ಎಲ್. ಬಂತು, ಎರಡು ಲೀಟರು. ಅದೇ ಮೊದಲ ಅಂಕಿ ಎಂದು ದಾಖಲಾಯಿತು. ಅಂದರೆ ಅವನ ಗಡಿ ಸಾವಿರದ ಎಂಟುನೂರು. ಅವನ ಎದೆಯಲ್ಲಿ ಅವತ್ತು ಕಾಲು ಲೀಟರಿಗೂ ಹೆಚ್ಚು ಗಾಳಿ ಊದದೆಯೇ ಉಳಿದಿತ್ತು ಎಂದು ಯಾರಿಗೂ ಹೊಳೆಯಲಿಲ್ಲ.

ಆರು ವಾರ ಬಿಟ್ಟು ಬಂದಾಗ ಊದಕ್ಕ ತಾನೇ ಊದಿಸಿದಳು. ಎರಡು ಸಾವಿರದ ಇನ್ನೂರ ಅರವತ್ತು. ಸಂಶೋಧನೆಯ ಕಾಗದಪತ್ರ ನೋಡಿಕೊಳ್ಳುವ ಹೆಂಗಸು, ಎಂಟು ಫೈಲು ಎದೆಗವಚಿಕೊಂಡೇ ಓಡಾಡುತ್ತಿದ್ದ ಕಾರಣ ನಾವು ಫೈಲಮ್ಮ ಎನ್ನುತ್ತಿದ್ದವಳು, ಅಂಕಿ ನೋಡಿ ಕಣ್ಣರಳಿಸಿದಳು. ದೊಡ್ಡ ಡಾಕ್ಟರು ಅವನ ಭುಜ ತಟ್ಟಿದರು. ಊದಕ್ಕ ಚಹಾದ ಫ್ಲಾಸ್ಕಿನ ಹತ್ತಿರ ನನ್ನ ಕಿವಿಯಲ್ಲಿ, "ಅಸಲಿ ಬಾಟಲಿನೇ ಸಿಕ್ಕಿದೆ ಮೇಷ್ಟ್ರೇ" ಎಂದಳು. ಆ ದಿನ ಎರಡು ಲೋಟ ಚಹಾ ಕುಡಿದಳು.

ನನ್ನ ಕಾರಿಡಾರು ಬೇರೆ ಮಾತು ಹೇಳುತ್ತಿತ್ತು. ಮೊದಲ ದಿನ ನಾನೂರ ಎಂಬತ್ತು ಮೀಟರ್ ನಡೆದವನು ಅವತ್ತು ನಡೆದದ್ದು ನಾನೂರ ಐವತ್ತೈದು. ಹನ್ನೆರಡನೇ ವಾರ ನಾನೂರ ಇಪ್ಪತ್ತು. ಇಪ್ಪತ್ನಾಲ್ಕನೇ ವಾರಕ್ಕೆ ಮುನ್ನೂರ ಮೂವತ್ತು, ಅದೂ ಎರಡು ಸಲ ಗೋಡೆ ಹಿಡಿದು ನಿಂತು. ಊದುವ ಅಂಕಿಯೂ ಇಳಿಯುತ್ತಿತ್ತು, ಆದರೆ ಎತ್ತರದಿಂದ ಇಳಿಯುತ್ತಿತ್ತು. ಎರಡು ಸಾವಿರದ ನೂರ ಎಪ್ಪತ್ತು, ಎರಡು ಸಾವಿರದ ಎಂಬತ್ತು, ಸಾವಿರದ ಒಂಬೈನೂರ ಎಂಬತ್ತು. ಅವನ ಎದೆ ಎಂಟರಲ್ಲಿ ಒಂದು ಪಾಲು ಕಳೆದುಕೊಂಡಿದ್ದರೂ ಕಾಗದದ ಮೇಲೆ ಮೊದಲ ದಿನಕ್ಕಿಂತ ಇಪ್ಪತ್ತೇ ಎಂ.ಎಲ್. ಕಡಿಮೆ. ಕಾಯಿಲೆ ಅಲ್ಲಾಡದೆ ನಿಂತಿದೆ ಎಂದು ಓದಿಕೊಳ್ಳಬಹುದಾದ ಅಂಕಿ. ಎಲ್ಲರೂ ಹಾಗೇ ಓದಿಕೊಂಡರು.

ನಡಿಗೆ ಬೀಳುತ್ತಿದೆ ಸಾರ್ ಎಂದು ದೊಡ್ಡ ಡಾಕ್ಟರಿಗೆ ಹೇಳಿದೆ. ನಡಿಗೆ ಮನಸ್ಸಿನ ಮೇಲೆ ಹೋಗುತ್ತೆ ಮೇಷ್ಟ್ರೇ, ಉಸಿರಿನ ಅಂಕಿ ಚೆನ್ನಾಗಿದೆಯಲ್ಲ ಎಂದರು. ಮೊದಲ ದಿನ ಅವನಿಂದ ಪೂರ್ತಿ ಊದಿಸಿರಲಿಲ್ಲ ಎಂದು ನನಗೆ ಅಷ್ಟರಲ್ಲಿ ಹೊಳೆದಿತ್ತು. ಆ ಅಂಕಿ ಯಾಕೆ ಚೆನ್ನಾಗಿದೆ ಎಂದು ಹೇಳಬೇಕಾದರೆ ಮೊದಲ ದಿನ ಊದಕ್ಕ ಯಾಕೆ ರಜೆ ಹಾಕಿದಳು ಎಂದೂ ಹೇಳಬೇಕಿತ್ತು. ಹೇಳಿದರೆ ಅವಳ ಕೆಲಸ ಹೋಗುತ್ತದೆ, ತಮ್ಮನನ್ನು ಸಂಶೋಧನೆಯಿಂದಲೇ ಕಿತ್ತುಹಾಕುತ್ತಾರೆ, ಅಸಲಿ ಗುಳಿಗೆಯ ಬಾಗಿಲೇ ಮುಚ್ಚುತ್ತದೆ. ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಇತ್ತು ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಾನು ಬರೀ ಒಳ್ಳೆಯವನ ಹಾಗೆ ಕಾಣುತ್ತೇನೆ. ಅಷ್ಟಕ್ಕೇ ನಿಲ್ಲಿಸಿ ಹಿಂದಕ್ಕೆ ಬಂದೆ.

ಮೂವತ್ತನೇ ವಾರ ಸಾವಿರದ ಒಂಬೈನೂರ ಹತ್ತು ಬಂತು. ಅವತ್ತು ಅವನು ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದ. ತುಟಿ ನೀಲಿಗಟ್ಟಿತ್ತು. ನಾನು ಪಕ್ಕದಲ್ಲಿ ಕೂತು, ಹನ್ನೊಂದನೇ ಪುಟ ನೆನಪಿದೆಯಾ ಎಂದೆ. ತಲೆಯಾಡಿಸಿದ. ಮುಂದಿನ ಸಲ ಪೂರ್ತಿ ಊದಬೇಡ, ಸ್ವಲ್ಪ ಒಳಗೇ ಇಟ್ಟುಕೋ ಎಂದೆ.

ಅವನು ನಕ್ಕ. ನಕ್ಕಿದ್ದಕ್ಕೆ ಒಂದು ನಿಮಿಷ ಕೆಮ್ಮಬೇಕಾಯಿತು. "ಎದುರಿಗೆ ಕೂತಿರೋದು ಅಕ್ಕ ಮೇಷ್ಟ್ರೇ. ಚಿಕ್ಕವನಿದ್ದಾಗ ಹಾಲು ಚೆಲ್ಲಿ ಕುಡಿದೆ ಅಂದ್ರೂ ಹಿಡೀತಿದ್ಲು. ಅವಳ ಮುಂದೆ ನನಗೆ ಕಡಿಮೆ ಊದೋಕೆ ಬರುತ್ತಾ?" ಆಮೇಲೆ ಕೇಳಿದ: "ಅವಳಿಗೇ ಹೇಳಿಬಿಡ್ಲಾ?"

ನಾನು ಬೇಡ ಎಂದೆ.

ಇಷ್ಟೆಲ್ಲ ಬರೆಯುತ್ತಿರುವುದು ಆ ಒಂದು ಬೇಡಕ್ಕಾಗಿ. ಅವಳಿಗೆ ನಾಟಕ ಬರುವುದಿಲ್ಲ, ಗೊತ್ತಾದರೆ ಮುಖದಲ್ಲೇ ಕಾಣುತ್ತದೆ, ಫೈಲಮ್ಮನ ಕಣ್ಣಿಗೆ ಬೀಳುತ್ತದೆ ಎಂದು ವಿವರಿಸಿದೆ. ನಿಯಮ ಇದೆಯಪ್ಪಾ, ಅಳೆಯುವವರಿಗೆ ಹೇಳಬಾರದು ಎಂದೂ ಸೇರಿಸಿದೆ. ಜನ್ಮವಿಡೀ ಸೀಟಿ ಊದಿ ಸಾಲು ನೇರ ಮಾಡಿದವನಿಗೆ ಅದೇ ಬುದ್ಧಿ. ರೋಗಿಗೆ ಸುಳ್ಳು ಊದು ಎಂದು ಹೇಳಿಕೊಡುವುದು ತಪ್ಪಲ್ಲ, ಅಳೆಯುವವಳಿಗೆ ನಿಜ ಹೇಳುವುದು ತಪ್ಪು. ಆಗ ಅದರಲ್ಲಿ ಹುಳುಕೇ ಕಾಣಲಿಲ್ಲ. ಅವನು ಆಯ್ತು ಮೇಷ್ಟ್ರೇ ಎಂದು ರೇಲಿಂಗು ಹಿಡಿದುಕೊಂಡು ಇಳಿದು ಹೋದ.

ಮೂವತ್ತಾರನೇ ವಾರ ಬಂದ. ಕೋಣೆಯಲ್ಲಿ ಅವರಿಬ್ಬರೇ. ನಾನು ಕೋನು ಸರಿಪಡಿಸುವ ನೆಪದಲ್ಲಿ ಬಾಗಿಲ ಹತ್ತಿರವೇ ಇದ್ದೆ, ಬಾಗಿಲು ಒಂದು ಗೇಣು ತೆರೆದಿತ್ತು. ಮೊದಲ ಸಲ ಸಾವಿರದ ಆರುನೂರಕ್ಕೆ ಬಾಯಿ ಬಿಟ್ಟ. ಎರಡನೇ ಸಲವೂ ಅಷ್ಟೇ. ಕೂಗುತ್ತಿದ್ದ ಊದಕ್ಕನ ದನಿ ನಿಂತಿತು.

"ಇದು ನಿನ್ನ ಉಸಿರಲ್ಲ ಕಣೋ" ಎಂದಳು, ಮೆಲ್ಲಗೆ.

ಇಷ್ಟೇ ಬರ್ತಿದೆ ಅಕ್ಕಾ ಎಂದ.

"ಸುಳ್ಳು. ಗೆರೆ ನೋಡು, ಹಲ್ಲು ಬಂದಿದೆ. ಯಾಕೆ, ಹೆದರಿಕೆನಾ? ಔಷಧಿ ಕೆಲಸ ಮಾಡ್ತಾ ಇದೆ, ಈಗ ನೀನೇ ಕೈಚೆಲ್ಲಿದ್ರೆ ಹೇಗೆ? ನನ್ನ ಮುಖ ನೋಡಿ ಊದು."

ಆ ಎರಡನ್ನೂ ಅಳಿಸಿದಳು. ಮೂರನೆಯದನ್ನೂ ಅಳಿಸಿದಳು. ನಾಲ್ಕು, ಐದು. ಪ್ರತಿ ಸಲ ಅವನು ಎಲ್ಲೋ ನಡುವೆ ತಡೆದುಕೊಳ್ಳುವುದು, ಅವಳು ಹಿಡಿಯುವುದು. ಬಾಗಿಲ ಸಂದಿಯಲ್ಲಿ ಅವನ ಕಣ್ಣು ಒಮ್ಮೆ ನನ್ನ ಕಡೆ ಹೊರಳಿತು. ನಾನು ಒಳಗೆ ಹೋಗಬಹುದಿತ್ತು. ಎರಡು ಹೆಜ್ಜೆ. ಸಾಕು ಬಿಡಮ್ಮ, ಅವನಿಗೆ ಸುಸ್ತಾಗಿದೆ ಎಂದಷ್ಟೇ ಹೇಳಿದ್ದರೂ ಆಗುತ್ತಿತ್ತು. ಹೋಗಲಿಲ್ಲ. ಎಂಟನೆಯ ಸಲ ಊದಕ್ಕ ಕುರ್ಚಿಯಿಂದ ಎದ್ದು ಅವನ ಎರಡೂ ಭುಜ ಹಿಡಿದುಕೊಂಡಳು. ಇದೆ, ಇದೆ, ಒಳಗೆ ಇದೆ, ನನಗೋಸ್ಕರ, ಇನ್ನೂ ಇನ್ನೂ ಎಂದು ಅವಳು ಕೂಗಿದ್ದು ನಾಲ್ಕನೇ ಮಹಡಿಗೆ ಕೇಳಿರಬೇಕು. ಅವನು ಊದಿದ. ಪೂರ್ತಿ ಊದಿದ.

ಸಾವಿರದ ಎಂಟುನೂರ ನಲವತ್ತು. ಗಡಿಗಿಂತ ನಲವತ್ತು ಎಂ.ಎಲ್. ಹೆಚ್ಚು. ಕೆಮ್ಮಿನ ಔಷಧಿಯ ಬಾಟಲಿಯ ಮುಚ್ಚಳದಲ್ಲಿ ಅಳೆದರೆ ನಾಲ್ಕು ಮುಚ್ಚಳ.

ಹೊರಗೆ ಬಂದವನು ಗೋಡೆಗೆ ಒರಗಿ ನಿಂತ. ಅವನ ಶರ್ಟು ಬೆವರಿನಲ್ಲಿ ತೊಯ್ದಿತ್ತು. ಅವನೇ, "ಆಗ್ಲಿಲ್ಲ ಮೇಷ್ಟ್ರೇ. ಅವಳು ಅಳೋ ಹಾಗಿದ್ಲು" ಎಂದ. ಹಿಂದೆಯೇ ಊದಕ್ಕ ಬಂದಳು. ಎಂಟನೇ ಸಲಕ್ಕೆ ಬಂತು ನೋಡಿ, ಸೋಮಾರಿ ಎಂದು ನನಗೆ ಹೇಳಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಅವನ ತಲೆಗೂದಲು ಸರಿಮಾಡಿದಳು. ಆ ಮುಖದಲ್ಲಿದ್ದ ಗೆಲುವನ್ನು ನಾನು ಮರೆಯಲಾರೆ. ಮರೆಯುವಂತಿದ್ದರೆ ಚೆನ್ನಾಗಿತ್ತು.

ಅವನು ಇನ್ನೊಂದು ಸಲ ಊದಲು ಬರಲಿಲ್ಲ. ಮೂರು ವಾರಕ್ಕೆ ನೆಗಡಿಯಾಯಿತು, ನೆಗಡಿ ಎದೆಗೆ ಇಳಿಯಿತು, ಕೆಳಗಿನ ವಾರ್ಡಿಗೆ ತಂದು ಮಲಗಿಸಿದರು. ಗಟ್ಟಿಯಾದ ಎದೆಗೆ ಸೋಂಕು ತಡೆಯುವಷ್ಟು ಜಾಗ ಉಳಿದಿರಲಿಲ್ಲ. ಒಂಬತ್ತನೇ ದಿನ ಹೋಗಿಬಿಟ್ಟ. ಆ ಒಂಬತ್ತು ದಿನ ಅವಳು ಹೇಗಿದ್ದಳು ಎಂಬುದನ್ನು ನಾನು ಬರೆಯುವುದಿಲ್ಲ. ಸತ್ತ ಮೇಲೆ ಹಾಸಿಗೆಯ ಬಟ್ಟೆಯನ್ನು ತಾನೇ ಬದಲಿಸುತ್ತೇನೆ ಎಂದು ಹಟ ಹಿಡಿದಳಂತೆ, ಮೊದಲ ಕೆಲಸದ ಕೈ ಮರೆತಿರಲಿಲ್ಲ. ಫೈಲಮ್ಮ ಅವನ ಹೆಸರಿನ ಮುಂದೆ, ಸಂಶೋಧನೆಯ ಅವಧಿಯಲ್ಲಿ ಗಡಿ ಮುಟ್ಟಿಲ್ಲ ಎಂದು ಬರೆದು ಫೈಲು ಮುಚ್ಚಿದಳು. ಊದಕ್ಕ ಅವನ ಅಕ್ಕನೆಂದು ಆಗ ವಿಭಾಗದಲ್ಲಿ ಎಲ್ಲರಿಗೂ ಗೊತ್ತಾಯಿತು. ಹೊರಗೆ ಗೊತ್ತಾದರೆ ತಮಗೂ ಕೆಟ್ಟ ಹೆಸರು ಎಂದು ದೊಡ್ಡ ಡಾಕ್ಟರು ಅದನ್ನು ಹೊಟ್ಟೆಗೆ ಹಾಕಿಕೊಂಡರು. ಹತ್ತು ದಿನ ರಜೆ ಕೊಟ್ಟರು. ನಾಲ್ಕೇ ದಿನಕ್ಕೆ ಬಂದು ಕೂಗತೊಡಗಿದಳು. ಏನೇ ಆಗಲಿ ಅಸಲಿ ಔಷಧಿಯಾದರೂ ಸಿಕ್ಕಿತಲ್ಲ ಮೇಷ್ಟ್ರೇ, ಆ ನೆಗಡಿ ಬರದಿದ್ದರೆ ಉಳಿಯುತ್ತಿದ್ದ ಎಂದು ನನ್ನ ಹತ್ತಿರ ಹೇಳುತ್ತಿದ್ದಳು. ಆ ಒಂದು ಸಮಾಧಾನದ ಮೇಲೆ ಅವಳು ಬದುಕಿದ್ದಳು. ನಾನು ಹೂಂ ಎನ್ನುತ್ತಿದ್ದೆ.

ಎಂಟು ತಿಂಗಳ ಮೇಲೆ ಫಲಿತಾಂಶ ಬಂತು. ಸಭಾಂಗಣದಲ್ಲಿ ದೊಡ್ಡ ಪರದೆ, ಅದರ ಮೇಲೆ ಎರಡು ಗೆರೆ, ಒಂದು ಬೇಗ ಇಳಿಯುವುದು, ಒಂದು ನಿಧಾನವಾಗಿ ಇಳಿಯುವುದು. ಗುಳಿಗೆ ಕೆಲಸ ಮಾಡುತ್ತದೆ ಎಂದು ಸಾಬೀತಾಗಿತ್ತು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಒಳ್ಳೆಯ ಸುದ್ದಿಯೇ ಅದು, ಮುಂದೆ ಬರುವ ಕಲ್ಲು ಕೊಯ್ಯುವವರಿಗೆ ನಾಲ್ಕು ವರ್ಷ ಹೆಚ್ಚು ಸಿಗಬಹುದು. ಎಲ್ಲ ಕೇಂದ್ರಗಳಿಗಿಂತ ನಮ್ಮ ಆಸ್ಪತ್ರೆಯ ಉಸಿರಿನ ಅಳತೆ ಉತ್ತಮ ಎಂದು ಬಂದ ಅತಿಥಿ ಹೊಗಳಿ, ಊದಕ್ಕನನ್ನು ವೇದಿಕೆಗೆ ಕರೆದು ಕಟ್ಟು ಹಾಕಿಸಿದ ಪ್ರಶಸ್ತಿಪತ್ರ ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಕೆಳಗಿಳಿದು ನೇರ ಫೈಲಮ್ಮನ ಹತ್ತಿರ ಹೋದಳು. ಈಗ ಬಾಟಲಿಯ ಗುಟ್ಟು ಹೇಳಬಹುದಲ್ಲ, ನನ್ನ ತಮ್ಮನದು ಅಸಲಿ ತಾನೇ ಎಂದು ಕೇಳಿದಳು.

ಫೈಲಮ್ಮ ಕೆಟ್ಟವಳಲ್ಲ. ಪಟ್ಟಿ ನೋಡಿ, ಮುಖ ಸಪ್ಪಗೆ ಮಾಡಿ, ಹಿಟ್ಟಿನದು ಎಂದಳಂತೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಪಾಪ, ಸಮಾಧಾನ ಮಾಡಲು ಹೊರಟು, ಒಂದೇ ಒಂದು ಸಲ ಹತ್ತು ಪರ್ಸೆಂಟ್ ಇಳಿದಿದ್ದರೂ ಸಾಕಿತ್ತು, ಅವತ್ತೇ ಅಸಲಿಗೆ ಹಾಕಿಬಿಡುತ್ತಿದ್ದೆವು, ಯಾಕೋ ಕೊನೆಯವರೆಗೂ ಇಳಿಯಲೇ ಇಲ್ಲ ನೋಡಿ ಎಂದಳು.

ನಾನು ಕಾರಿಡಾರಿನಲ್ಲಿ ಕೋನು ಎತ್ತಿಡುತ್ತಿದ್ದೆ. ಊದಕ್ಕ ಬಂದು ನಿಂತಳು. ಪ್ರಶಸ್ತಿಪತ್ರದ ಗಾಜು ಅವಳ ಕೈಯಲ್ಲಿ ಹೊಳೆಯುತ್ತಿತ್ತು. ಫೈಲಮ್ಮ ಅಂದದ್ದನ್ನೆಲ್ಲ ಒಂದೊಂದಾಗಿ ಹೇಳಿ, ಅದು ಯಾವ ಕಾಗದದಲ್ಲಿತ್ತು ಎಂದು ಕೇಳಿದಳು. ಹನ್ನೊಂದನೇ ಪುಟ ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ. ಇನ್ನು ಮುಚ್ಚಿಡುವ ಶಕ್ತಿ ನನಗಿರಲಿಲ್ಲ.

"ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

"ಅವನಿಗೆ?"

ಅವನಿಗೂ ಗೊತ್ತಿತ್ತು, ನಿನಗೆ ಹೇಳುತ್ತೇನೆ ಅಂದ, ನಾನೇ ಬೇಡ ಅಂದೆ ಎಂದೆ. ಅವತ್ತು ಏಳು ಸಲ ಯಾಕೆ ತಡೆದು ಊದಿದ ಎಂದೂ ಹೇಳಿದೆ. ನಿಯಮ, ಅವಳ ಕೆಲಸ, ಅವಳಿಗೆ ನಾಟಕ ಬಾರದು ಎಂದು ನಾನು ಎಣಿಸಿದ್ದು, ಎಲ್ಲ ಒದರಿದೆ. ಅವಳು ಅಳಲಿಲ್ಲ, ನನ್ನ ಮೇಲೆ ಏರಿ ಬರಲೂ ಇಲ್ಲ. ಬಂದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ನಾಟಕ ಎಲ್ಲಿ ಬೇಕಿತ್ತು ಮೇಷ್ಟ್ರೇ" ಎಂದಳು. "ನಾನು ಸುಮ್ನೆ ಕೂತಿದ್ರೆ ಆಗ್ತಿತ್ತು. ಆ ಹುಡುಗಿ ಥರ ಒಂದು ಸಲ ಊದಿ ಅಂದು ಸುಮ್ನೆ ಕೂತಿದ್ರೆ ಸಾಕಿತ್ತು."

ಆಮೇಲೆ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಪ್ರಶಸ್ತಿಪತ್ರವನ್ನು ಆಸ್ಪತ್ರೆಯವರೇ ಅವಳ ಯಂತ್ರದ ಮೇಲಿನ ಗೋಡೆಗೆ ತೂಗುಹಾಕಿದರು. ಅವಳು ಕೆಲಸ ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋಗಬೇಕು? ಆದರೆ ಮೂರನೇ ಮಹಡಿ ಸದ್ದಿಲ್ಲದಾಯಿತು. ಸ್ವಲ್ಪ ದಿನ ನನಗೆ ಕಿವಿ ಕೆಟ್ಟಿತೇನೋ ಅನ್ನಿಸುತ್ತಿತ್ತು. ನಿಯಮದ ಪುಸ್ತಕದಲ್ಲಿ ಬರೆದ ಸಾಲನ್ನು ಬರೆದಷ್ಟೇ ಹೇಳಿ ಕೈಕಟ್ಟಿ ಕೂರುತ್ತಿದ್ದಳು. ಯಾರೂ ತಪ್ಪು ಹಿಡಿಯುವಂತಿರಲಿಲ್ಲ.

ಆರು ತಿಂಗಳಿಗೆ ಪತ್ರ ಬಂತು, ನಿಮ್ಮ ಕೇಂದ್ರದ ಅಳತೆಯ ಗುಣಮಟ್ಟ ಕುಸಿದಿದೆ ಎಂದು. ಇನ್ನೊಂದು ಸಂಶೋಧನೆ ಶುರುವಾಗಿತ್ತು, ಹೊಸ ಬಾಟಲಿಗಳು ಬಂದಿದ್ದವು. ದೊಡ್ಡ ಡಾಕ್ಟರು ನನ್ನನ್ನು ಕರೆದು, ಮೇಷ್ಟ್ರೇ, ನಿಮ್ಮ ಮಾತು ಕೇಳುತ್ತಾಳೆ, ಸ್ವಲ್ಪ ಬುದ್ಧಿ ಹೇಳಿ, ರೋಗಿಗಳಿಂದ ಪೂರ್ತಿ ಊದಿಸಬೇಕಲ್ಲ ಎಂದರು. ಅದು ನನ್ನ ಕೆಲಸದ ಕೊನೆಯ ವಾರ. ಹೋಗಿ ಅವಳ ಬಾಗಿಲಲ್ಲಿ ನಿಂತೆ. ಒಳಗೆ ಒಬ್ಬ ಮುದುಕ, ಕಲ್ಲು ಕೊಯ್ಯುವವನೇ ಇರಬೇಕು, ಬೆರಳ ಸಂದಿಯಲ್ಲಿ ಬಿಳಿ ಇತ್ತು, ಕೊಳವೆಗೆ ಬಾಯಿಟ್ಟು ಊದುತ್ತಿದ್ದ. ಅರ್ಧಕ್ಕೆ ನಿಲ್ಲಿಸಿ, ಸರಿಯಾಯಿತೇ ಎಂಬಂತೆ ಅವಳ ಮುಖ ನೋಡಿದ. ಗೆರೆ ಇನ್ನೂ ಇಳಿಯುವುದಿತ್ತು. ಅವನ ಎದೆಯಲ್ಲಿ ಇನ್ನೂ ಒಂದು ಲೋಟ ಗಾಳಿ ಇದೆ ಎಂದು ನನಗೇ ಗೊತ್ತಾಗುತ್ತಿತ್ತು.

"ನಿಮಗೆ ಸಾಕು ಅನ್ಸಿದ್ರೆ ಸಾಕು ಅಣ್ಣಾ" ಎಂದಳು ಊದಕ್ಕ.

ನಾನು ಬಂದದ್ದು ಅವಳಿಗೆ ಗೊತ್ತಿತ್ತು, ತಿರುಗಲಿಲ್ಲ. ಹೇಳಬೇಕೆಂದು ಬಂದಿದ್ದ ಮಾತನ್ನು ಹೇಳದೆ ಆ ಮೂವತ್ತು ಮೀಟರ್ ನಡೆದು ವಾಪಸು ಬಂದೆ. ದೊಡ್ಡ ಡಾಕ್ಟರಿಗೆ, ಹೇಳಿದ್ದೇನೆ ಸಾರ್ ಎಂದೆ.